ಎಂಜಿನ್ ತಣ್ಣಗಿರಲಿ

ನೋಡಿಕೊಡಲು ಎಂಬತ್ತು ಲರಿ ನನ್ನ ಕೂಲಿ.
ಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ.
ರುಸ್ತಾವಿಯ ಈ ಬಯಲಲ್ಲಿ
ಕಡಲು ದಾಟಿ ಬಂದ ಕಾರುಗಳು ಸಾಲುಸಾಲು,
ಒಂದೊಂದೂ ಎಲ್ಲೋ ಗುದ್ದಿಕೊಂಡು,
ಯಾರಿಗೋ ಬೇಡವಾಗಿ,
ಇಲ್ಲಿಯ ಸುತ್ತಿಗೆಗಳ ಕೈಯಲ್ಲಿ ಮರುಹುಟ್ಟು ಪಡೆದದ್ದು.

ಲಮಾರಾ ಬಂದದ್ದು ಬುಧವಾರ, ಬೆಳಗ್ಗೆ ಏಳಕ್ಕೆ,
ಉಕ್ಕಿನ ಕಾರ್ಖಾನೆಯ ಹಳೇ ಕೋಟು,
ಕಂಕುಳಲ್ಲಿ ಕಾಗದ ಸುತ್ತಿದ ಬಿಸಿ ರೊಟ್ಟಿ.
ಮೊಮ್ಮಗನಿಗಾ, ಎಂದೆ.
ನನಗೆ, ಎಂದಳು. ಅರವತ್ತೊಂಬತ್ತು. ಇನ್ನೇನು ಕೇಳಬೇಕು?

ಕೆಂಪು. ಎರಡೇ ಸೀಟು.
ಮಾಡು ಮಡಚಿದರೆ ತಲೆಯ ಮೇಲೆ ನೇರ ಆಕಾಶ.
ಮಾರುವ ಗೋಚಾ ಅದರ ಪಕ್ಕ
ಹೆಣ್ಣು ತೋರಿಸುವ ಸೋದರಮಾವನಂತೆ ನಿಂತಿದ್ದ.
ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ.
ಬೆಚ್ಚಗಿತ್ತು.
ಬೆಳಗ್ಗೆ ಸ್ವಲ್ಪ ಓಡಿಸಿದ್ದೆ, ಎಂದ.
ಯಾಕೆ ಓಡಿಸಿದೆ ಗೋಚಾ?
ತಣ್ಣಗಿದ್ದಾಗ ಎಂಜಿನ್ನಿಗೆ ಸುಳ್ಳು ಬರುವುದಿಲ್ಲ,
ನಿದ್ದೆಗಣ್ಣಲ್ಲಿ ಎಬ್ಬಿಸಿದವರ ಹಾಗೆ
ಮೊದಲ ಕೆಮ್ಮಿನಲ್ಲೇ ಎಲ್ಲ ಹೇಳಿಬಿಡುತ್ತದೆ.
ಕಾದೆವು, ಮೂರು ಗಂಟೆ.
ರೊಟ್ಟಿ ಮೂರು ಪಾಲಾಯಿತು, ಗೋಚಾನಿಗೂ ಒಂದು.

ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೈಯುದ್ದಕ್ಕೂ ಒಯ್ದೆ.
ಬಾಗಿಲಲ್ಲಿ ಅಂಟಿತು, ಹಿಂಚಕ್ರದ ಮೇಲಿನ ತಗಡಲ್ಲಿ ಜಾರಿತು.
ನಾನು ಬಾಯಿ ತೆರೆಯುವ ಮೊದಲೇ
ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ
ಇದು ಉಕ್ಕಲ್ಲ, ಮೆತ್ತಿದ್ದು, ಎಂದಳು
ಮೂವತ್ತೊಂದು ವರ್ಷ
ಕಾದ ತಗಡು ತನ್ನ ಮುಂದೆ ಹೊಳೆಯಾಗಿ ಹರಿದದ್ದು ಕಂಡವಳು.

ಎಣ್ಣೆಯ ಮುಚ್ಚಳ ತಿರುಗಿಸಿ ಒಳಗೆ ಬೆರಳಾಡಿಸಿದೆ.
ಬೆಳ್ಳಗಿರುವುದೆಲ್ಲ ಹಾಲಲ್ಲ;
ಇಲ್ಲಿ ಬೆಳ್ಳಗಿದ್ದರೆ ಎಣ್ಣೆಯೂ ನೀರೂ ಕೂಡಿ ಕಡೆದ ಮಜ್ಜಿಗೆ.
ಕಪ್ಪಾಗಿತ್ತು. ಗೋಚಾ ಉಸಿರು ಬಿಟ್ಟ.
ಕೀಲಿ ತಿರುಗಿಸಿದೆ. ಒಂದೇ ಕೆಮ್ಮು, ನೀಲಿ ಹೊಗೆಯಿಲ್ಲ.
ಎರಡನೇ ಗೇರು ಕರ್ ಎಂದಿತು,
ಎಂದೋ ಯಾರದೋ ಆತುರದ ಕೈ.
ಅದಕ್ಕೆ ಬೆಲೆಯಿಳಿಸಿದರೆ ಸಾಕು.

ಕಡೆಗೆ ಸೀಟುಬೆಲ್ಟು.
ಎಲ್ಲರೂ ಅರ್ಧ ಎಳೆದು ಬಿಡುತ್ತಾರೆ.
ನಾನು ಪೂರ್ತಿ ಎಳೆದೆ, ಇನ್ನು ಬರಲಾರೆ ಎನ್ನುವ ತನಕ.
ಕೊನೆಯ ಒಂದು ಗೇಣಿನಲ್ಲಿ
ಅಡ್ಡಕ್ಕೊಂದು ಕಂದು ಗೆರೆ.
ಒಣಗಿ ಪುಡಿಯಾಗಿ ತೊಡೆಯ ಮೇಲೆ ಉದುರಿತು
ಹೆಸರು ಗೊತ್ತಿಲ್ಲದ ಒಂದು ನದಿ.

ನನಗೂ ಹೇಳಿರಲಿಲ್ಲ, ಎಂದ ಗೋಚಾ, ನೆಲ ನೋಡುತ್ತ.
ನಂಬಿದೆ. ನಂಬಿದ್ದರಿಂದ ಮೆಕ್ಕಲೇನೂ ಕಡಿಮೆಯಾಗಲಿಲ್ಲ.
ಮುಳುಗಿದ ಕಾರು ಅಂದೇ ಸಾಯುವುದಿಲ್ಲ.
ವರ್ಷ ಬಿಟ್ಟು ಒಂದು ರಾತ್ರಿ ದೀಪ ಆರುತ್ತದೆ,
ಆಮೇಲೆ ಕಿಟಕಿ ಏರುವುದಿಲ್ಲ,
ಆಮೇಲೆ ಬೆಟ್ಟದ ತಿರುವಿನಲ್ಲಿ...
ಬೇಡ, ಎಂದೆ.

ಗೊತ್ತಾಯಿತು, ಎಂದಳು.
ಆದರೆ ನೀನು ನೋಡದೆ ಬಿಟ್ಟದ್ದು ಒಂದಿದೆ.
ಬಾಗಿಲು ತೆಗೆದು ಕೂತಳು, ಅಲ್ಲ, ಬಿದ್ದಳು;
ಸೀಟು ಅಷ್ಟು ತಗ್ಗು.
ಸ್ಟೇರಿಂಗ್ ಹಿಡಿದು ಸುಮ್ಮನೆ ಕಾರ್ಖಾನೆಯ ಚಿಮಣಿ ನೋಡಿದಳು.
ಏಳಹೋದಳು. ಆಗಲಿಲ್ಲ. ಮತ್ತೆ ಏಳಹೋದಳು.
ಒಂದು ಕೈ ನಾನು, ಒಂದು ಕೈ ಗೋಚಾ,
ಬಾವಿಯಂಥ ಒಲೆಯ ಗೋಡೆಯಿಂದ
ರೊಟ್ಟಿ ಕೀಳುವ ಹಾಗೆ ಕಿತ್ತು ನಿಲ್ಲಿಸಿದೆವು.
ನಗು ತಡೆಯಲಿಲ್ಲ ಅವಳಿಗೆ.
ಮೊಣಕಾಲು ಫೇಲು, ಬರೆದುಕೋ, ಎಂದಳು.

ಮೆತ್ತಿದ ತಗಡು, ಎರಡನೇ ಗೇರು, ಮೆಕ್ಕಲು
ಬರೆದೆ. ಮೊಣಕಾಲು ಬರೆಯಲಿಲ್ಲ.
ಎಂಬತ್ತು ಎಣಿಸಿ ಕೊಟ್ಟಳು.
ಮುಂದಿನ ಸಾಲಿನಲ್ಲಿ ಒಂದು ಹಳದಿ ನಿಂತಿತ್ತು,
ಅದೂ ಅಷ್ಟೇ ತಗ್ಗು.
ಹಾದುಹೋಗುವವಳಂತೆ ನಡೆದಳು,
ನಿಂತಳು,
ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು.
ತಣ್ಣಗಿದೆ, ಎಂದಳು.