ಹದಿನೇಳನೇ ಪ್ರಶ್ನೆ, ನಾಪೋಕ್ಲು

ಪ್ರಶ್ನಾವಳಿ ಬಂದಾಗ ಇಂಗ್ಲಿಷಿನಲ್ಲಿತ್ತು.
ಕನ್ನಡಕ್ಕೆ ತರಲು ಮೈಸೂರಿನಲ್ಲಿ ಎರಡು ದಿನ ಕೂತೆವು,
ಪ್ರೊಫೆಸರು, ನಾನು, ಒಮ್ಮೊಮ್ಮೆ ಚಹಾ ತರುವ ಹುಡುಗನೂ.
‘ಪ್ರವೃತ್ತಿ’ ಅಂದರು ಅವರು. ಪೊಲೀಸ್ ಫೈಲಿನ ವಾಸನೆ, ಅಂದೆ.
‘ಅಭಿಮುಖತೆ’ ಅಂದರು. ದಿಕ್ಸೂಚಿಗೆ ಸರಿ, ಅಂದೆ.
ಕಡೆಗೆ ‘ಒಲವು’ ಅಂತ ಬರೆದೆವು.
ಚುನಾವಣೆ ಬಂದರೆ ಪತ್ರಿಕೆಯವರು ಬಳಸುವ ಪದ,
ಲಗ್ನಪತ್ರಿಕೆಯಲ್ಲೂ ಅಚ್ಚಾಗುವ ಪದ,
ಎರಡರ ನಡುವೆ ಎಲ್ಲೋ ಕೂರುತ್ತದೆ ಅಂತ ಆಸೆ.
‘ಭಾವನಾತ್ಮಕ ಯೋಗಕ್ಷೇಮ’ ಮಾತ್ರ ಹಾಗೇ ಉಳಿಯಿತು.
ಕಾಗದದ ಕಾಲದಲ್ಲಿ ‘ಇತ್ತ ಕ್ಷೇಮ’ ಅಂದರೆ ಮುಗಿಯುತ್ತಿತ್ತು.

ನಾಪೋಕ್ಲು, ಮೂವತ್ತೊಂದನೇ ಮನೆ.
ಕೈಯಾಲೆಯ ಐಮರದ ಮೇಲೆ ಮಂದಣ್ಣ, ನಿವೃತ್ತ ಸುಬೇದಾರ್.
ಪೆನ್ನನ್ನು ತಾವೇ ಇಸಿದುಕೊಂಡರು.
ಹದಿನೇಳು: ನಿಮ್ಮ ಮಗ ಅಥವಾ ಮಗಳ ಒಲವು
ತನ್ನದೇ ಲಿಂಗದವರ ಕಡೆ ಇದ್ದರೆ ಒಪ್ಪುತ್ತೀರಾ?
ಒಂದು, ಖಂಡಿತ ಇಲ್ಲ. ಐದು, ಸಂಪೂರ್ಣವಾಗಿ.
‘ಐದು. ಕಾನೂನೇ ಒಪ್ಪಿದೆ, ನಾವ್ಯಾರು?’
ಹದಿನೆಂಟಕ್ಕೂ ಐದು. ಹತ್ತೊಂಬತ್ತಕ್ಕೂ.
ಪೆರೇಡಿಗೆ ನಿಂತ ಹಾಗೆ ಐದುಗಳ ಸಾಲು,
ಒಂದರ ಹೊಟ್ಟೆಯೂ ಮುಂದೆ ಬಂದಿಲ್ಲ.

ಚೋಂದಮ್ಮ ಅಡುಗೆಮನೆಯಲ್ಲಿ. ಪೆನ್ನು ಮುಟ್ಟಲಿಲ್ಲ, ಕೈಯೆಲ್ಲ ತರಿ.
‘ನೀನೇ ಓದು, ನೀನೇ ಬರಿ.’
ಓದಿದೆ.
‘ಇಲ್ಲ. ಒಂದಕ್ಕಿಂತ ಕೆಳಗೆ ಏನಾದರೂ ಇದ್ದರೆ ಅದನ್ನು ಹಾಕು.’
ಒಂದೇ ಕೊನೆ, ಅಂದೆ.
‘ಹಾಗಾದರೆ ಒಂದು.’
ಕಡಂಬುಟ್ಟಿನ ಉಂಡೆ ಅಂಗೈಯಲ್ಲಿ
ಒಂದು ಸುತ್ತು ಹೆಚ್ಚಿಗೆ ತಿರುಗಿತು.

ಒಲೆಯ ಮೇಲೆ ಎರಡು ಪಾತ್ರೆ.
ದೊಡ್ಡದರಲ್ಲಿ ಹಂದಿ, ಕಾಚಂಪುಳಿಯ ಕಪ್ಪಿನಲ್ಲಿ ಮಿನುಗುತ್ತ.
ಸಣ್ಣದು ಹೊಸದು, ಅಂಗಡಿಯ ಚೀಟಿ ಬುಡದಲ್ಲಿ ಅರ್ಧ ಸುಟ್ಟು ಅಂಟಿದೆ;
ಅದರಲ್ಲಿ ಕಳಲೆ.
ಅದು ಯಾರಿಗೆ? ಈ ಪ್ರಶ್ನೆ ಪ್ರಶ್ನಾವಳಿಯಲ್ಲಿ ಇರಲಿಲ್ಲ.
‘ಉತ್ತಯ್ಯನ ಜೊತೆ ಬರುತ್ತಾನಲ್ಲ, ಶನಿವಾರಸಂತೆಯವನು,
ಪೋಸ್ಟಾಫೀಸಿನವನು. ಹಂದಿ ತಿನ್ನುವುದಿಲ್ಲ.
ಅದೇ ಸೌಟು ಅದ್ದಿದರೂ ಗೊತ್ತಾಗುತ್ತದೆ ಅವನಿಗೆ. ಹೇಳುವುದಿಲ್ಲ,
ಸುಮ್ಮನೆ ಅನ್ನ ಕಲಸುತ್ತ ಕೂರುತ್ತಾನೆ.
ಅದಕ್ಕೇ ಸೌಟೂ ಬೇರೆ ತಂದೆ.
ನಾನು ಒಪ್ಪಲಿಲ್ಲ, ಕುಂಞಿ. ಬರಿ ಅದನ್ನ. ಒಪ್ಪಲಿಲ್ಲ.’

ಬರೆದೆ.

ಬಸ್ಸಿನ ತನಕ ಉತ್ತಯ್ಯ ಬಂದ.
ಸ್ಕೂಲಿನ ಮಕ್ಕಳಿಗೆ ಹಾಕಿ ಕಲಿಸುವವನು, ಕೊರಳಲ್ಲಿ ಇನ್ನೂ ಸೀಟಿ.
‘ಅಪ್ಪ ಎಷ್ಟು ಕೊಟ್ಟರು?’
ಹೇಳುವಂತಿಲ್ಲ, ಗೋಪ್ಯ, ಅಂದೆ.
‘ಐದು,’ ಅಂದ, ನಗುತ್ತ.
ಮೂರು ಕೈಲ್‌ಪೊಳ್ದ್ ಕಳೆಯಿತಂತೆ.
ಪೂಜೆ ಮುಗಿದ ಮೇಲೆ, ತೋಕ್ ಹೂ ಸಿಕ್ಕಿಸಿದ ಕೋವಿಯನ್ನು
ಚಿಕ್ಕಪ್ಪನ ಮಗನ ಕೈಗೆ ಇಡುತ್ತಾರಂತೆ ಅಪ್ಪ.
‘ಬೈದಿಲ್ಲ, ಒಂದು ದಿನವೂ.
ಬೈಯಬೇಕಾದರೆ ಮುಖ ನೋಡಬೇಕಲ್ಲ.’
ಬಸ್ಸು ತಿರುವಿನಲ್ಲಿ ಹಾರನ್ ಹಾಕಿತು. ಕೈ ಎತ್ತಿ ನಿಲ್ಲಿಸಿದ,
ಕೆಂಪು ಕಾರ್ಡು ತೋರಿಸುವವನ ಹಾಗೆ.

ರಾತ್ರಿ ವಿರಾಜಪೇಟೆಯ ಲಾಡ್ಜು, ತೊಡೆಯ ಮೇಲೆ ಲ್ಯಾಪ್‌ಟಾಪು.
ತಂದೆ ೫. ತಾಯಿ ೧.
ಮಿಷನ್ನು ಸರಾಸರಿ ತೆಗೆಯಿತು: ಮೂರು.
ಮೂರು ಅಂದರೆ ‘ಹೇಳಲಾರೆ’.
ಸೌಟಿಗೆ ಕಾಲಂ ಇಲ್ಲ. ಕೋವಿಗೂ ಇಲ್ಲ.
‘ಇತರೆ ವಿವರ’ದಲ್ಲಿ ಬರೆದೆ: ಸಣ್ಣ ಪಾತ್ರೆ, ಹೊಸದು.
ಅಳಿಸಿದೆ. ಮತ್ತೆ ಬರೆದೆ.

ಉತ್ತರ ಸಿಗದ ಕಡೆ ತೊಂಬತ್ತೊಂಬತ್ತು ಹಾಕುವುದು ನಮ್ಮ ಪದ್ಧತಿ.
ಪ್ರಶ್ನೆಗಳನ್ನು ಪರೀಕ್ಷಿಸಲೆಂದು ಮೊದಲ ಪ್ರತಿಯನ್ನು
ನಾನೇ ತುಂಬಿದ್ದೆ, ಕುಶಾಲನಗರದ ನನ್ನ ಅಮ್ಮನ ಪರವಾಗಿ.
ಹದಿನೇಳರ ಎದುರು ೯೯.
ಐದು ವರ್ಷದಿಂದ ಒಂದೇ ಮನೆಯಲ್ಲಿರುವ ನಮ್ಮಿಬ್ಬರಲ್ಲಿ
ಒಬ್ಬಳ ಹೆಸರು ಅಮ್ಮನ ಬಾಯಲ್ಲಿ ಇವತ್ತಿಗೂ ‘ರೂಮ್‌ಮೇಟು’.

ಹತ್ತಕ್ಕೆ ಅಮ್ಮನ ಫೋನು.
ಊಟ ಆಯ್ತಾ, ಅಂದಳು. ಆಯ್ತು, ಅಂದೆ.
ಆಮೇಲೆ ಸ್ವಲ್ಪ ಹೊತ್ತು ಆ ಕಡೆ ನಲ್ಲಿಯ ಸದ್ದು,
ಪಾತ್ರೆ ತೊಳೆಯುತ್ತಿದ್ದಳೇನೋ.
ನಲ್ಲಿ ನಿಂತಿತು.
‘ಅವಳದು?’ ಅಂದಳು.