ಹೆಕ್ಕುವ ಕೆಲಸ

ಬೆಳಿಗ್ಗೆ ಐದಕ್ಕೆ, ಗುಡ್ಡದ ನೆತ್ತಿಯ ರನ್‌ವೇಯಲ್ಲಿ
ಸಾಲಾಗಿ ನಡೆಯುತ್ತೇವೆ, ಬಗ್ಗಿಕೊಂಡು.
ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆಯೇ, ಅಂದಿದ್ದರು
ಕೆಲಸಕ್ಕೆ ಸೇರಿಸುವಾಗ ಸಲ್ಡಾನ ಸಾಯೇರು,
ಮೊರ ಮಾತ್ರ ಸ್ವಲ್ಪ ಉದ್ದ.

ಮೊದಲು ಒಂಬತ್ತು ಮಂದಿ ಇದ್ದೆವು.
ಕೈ ಚಾಚಿದರೆ ಕೈ ತಾಗುತ್ತಿತ್ತು.
ಕಂಟ್ರಾಕ್ಟು ಬದಲಾಯಿತು, ಆರು.
ಮತ್ತೆ ಬದಲಾಯಿತು. ಈಗ ವಾರಿಜಕ್ಕ, ನಾನು,
ಮೊಣಕಾಲು ನೋವಿನ ಮೈಮೂನಾ.
ನಮ್ಮ ನಡುವೆ ಒಂದೊಂದು ಲಾರಿ ಹೋಗುವಷ್ಟು ಜಾಗ.
ಆ ಜಾಗದಲ್ಲಿ ಏನು ಬಿದ್ದಿದೆಯೆಂದು
ಯಾರೂ ಕೇಳುವುದಿಲ್ಲ.

ಇಪ್ಪತ್ತು ವರ್ಷ ಬೀಡಿ ಕಟ್ಟಿದ ಬೆರಳು ಇದು.
ಹೊಗೆಸೊಪ್ಪು ಒಂದು ಚಿಟಿಕೆ ಕಮ್ಮಿಯಾದರೆ
ಬ್ರಾಂಚಿನವನು ಇಡೀ ಕಟ್ಟನ್ನೇ ಎಸೆಯುತ್ತಿದ್ದ.
ಬೀಡಿಗೆ ಅಷ್ಟು ಲೆಕ್ಕ ಉಂಟು, ಮಾರಾಯ್ರೆ.

ಆಗೆಲ್ಲ ಸಿಗುತ್ತಿದ್ದುದು ಜಲ್ಲಿ, ಹದ್ದಿನ ಗರಿ,
ಒಮ್ಮೆ ಒಂದು ಸತ್ತ ಓತಿ.
ಈಗ ಲೋಹ.
ಅಂಗೈಯಲ್ಲಿಟ್ಟರೆ ಒಂದು ಹಲ್ಲಿನಷ್ಟು, ತಣ್ಣಗೆ.
ರೆಕ್ಕೆಗೆ ಫ್ಯಾನು ಇರುವ ಸಣ್ಣ ವಿಮಾನಗಳು ಇಳಿದ ಮೇಲೆ ಹೆಚ್ಚು:
ಸ್ಕ್ರೂ, ವಾಷರು, ರಬ್ಬರಿನದೊಂದು ತುಟಿ.
ಬರೆದುಕೊಳ್ಳಿ ಅಂದೆ.
ಪುಸ್ತಕ ಮುಗಿದಿದೆ, ಹೊಸತು ಬಂದಿಲ್ಲ ಅಂದರು.
ಸ್ಕ್ರೂ ಪೆನ್ನಿನ ಡಬ್ಬಿಗೆ ಬಿತ್ತು.

ಮರುದಿನದಿಂದ ಸೆರಗಿನ ತುದಿಗೆ ಕಟ್ಟಿ ತಂದೆ.
ಖಾಲಿ ಹಾರ್ಲಿಕ್ಸ್ ಬಾಟಲಿ,
ಕ್ಯಾಲೆಂಡರಿನಿಂದ ಹರಿದ ತಾರೀಕಿನ ಚೀಟಿ.
ನಮ್ಮ ಮನೆ ಕೆಂಜಾರಿನಲ್ಲಿ, ಗುಡ್ಡದ ಅಂಚಿನ ಕೆಳಗೆ.
ಅಂಚು ಎಂದರೇನೆಂದು
ಈ ಊರಿಗೆ ಹೇಳಿಕೊಡಬೇಕಾಗಿಲ್ಲ.
ಮೇಲಿಂದ ವಿಮಾನ ಹೋದಾಗೆಲ್ಲ ಶೆಲ್ಫಿನಲ್ಲಿ ಬಾಟಲಿ
ಗಿಲಗಿಲ ಅನ್ನುತ್ತಿತ್ತು,
ಕರೆದವರಿಗೆ ಓಗೊಟ್ಟ ಹಾಗೆ.

ಕಳೆದ ತಿಂಗಳು ಬಜಪೆಯ ಹಾಲಿನಲ್ಲಿ ಸಭೆ.
ಬಾಗಿಲ ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕಿತು ಅಂದರು ಒಬ್ಬರು ಟೀಚರು.
ಬೆಲ್ಟಿಗೆ ಗಂಟು ಹಾಕಿ ಕೂತೆ ಅಂದ
ಹುಬ್ಬಳ್ಳಿಗೆ ಹೋಗಿ ಬಂದ ಮೀನಿನ ಏಜೆಂಟು.
ಯಾರೋ ನಕ್ಕರು. ಆತ ನಗಲಿಲ್ಲ.
ಕಂಪೆನಿಯವರು ಪರದೆಯಲ್ಲಿ ಒಂದು ಹಸಿರು ಗೆರೆ ತೋರಿಸಿದರು.
ಗೆರೆ ಮೇಲೆ ಮೇಲೆ ಹೋಗುತ್ತಿತ್ತು.

ನಾನು ಎದ್ದು ಹೋಗಿ
ಬಾಟಲಿಯನ್ನು ಅವರ ಮೇಜಿನ ಮೇಲೆ ಕವುಚಿದೆ.
ಒಂದು ವಾಷರು ಮಾತ್ರ ನಿಲ್ಲದೆ ಉರುಳಿ
ನೀರಿನ ಗ್ಲಾಸಿಗೆ ಟಣ್ಣೆಂದು ತಾಗಿತು.
ಆಮೇಲೆ ಟೈ ಕಟ್ಟಿದವರು ಕೇಳಿದರು,
ಮೆಲ್ಲಗೆ, ಮರ್ಯಾದೆಯಲ್ಲೇ:
"ಇದನ್ನೆಲ್ಲ ಗೇಟಿನ ಹೊರಗೆ ತರಲು
ಪರ್ಮಿಷನ್ ಯಾರು ಕೊಟ್ಟದ್ದಮ್ಮ?"

ವಿಚಾರಣೆ ನಡೆಯುತ್ತಾ ಉಂಟು. ನನ್ನದು.
ಬಾಟಲಿಗೆ ಅರಗು ಹಾಕಿ ಕೊಂಡುಹೋದರು,
ಇನ್ನೂರ ಹದಿಮೂರು ಎಂದು ಬರೆದುಕೊಂಡು.
ಪುಸ್ತಕ ಸಿಕ್ಕಿತ್ತು.

ಶೆಲ್ಫಿನ ಧೂಳಿನಲ್ಲಿ ಅದರ ಬುಡದ ದುಂಡು ಗುರುತು.
ರಾತ್ರಿ ಎಂಟೂವರೆಯದು ಮಾಡಿನ ಮೇಲೆ ಬರುವಾಗ
ಮನೆಯೊಳಗೆ ಏನೂ ಅಲುಗುವುದಿಲ್ಲ.
ಚಕ್ರ ನೆಲಕ್ಕೆ ತಾಗಿದ ಸದ್ದು ಕೇಳುವವರೆಗೆ
ಉಸಿರು ಹಿಡಿದು ಕೂತಿರುತ್ತೇನೆ,
ಮೈಮೂನಾ ಇವತ್ತು
ಬಗ್ಗಿದ್ದಾಳೋ ಇಲ್ಲವೋ.