ಬಾಯಿ ಬಿಟ್ಟು ನಕ್ಕ ಫೋಟೋ

ವರ್ಷಕ್ಕೊಮ್ಮೆ, ಜುಲೈ ಕೊನೆಯ ಶುಕ್ರವಾರ,
ದನಗಳ ಪ್ರದರ್ಶನದ ಮೈದಾನದಲ್ಲಿ ನಮ್ಮ ಕ್ಯಾಂಪು.
ಕೊಟ್ಟಿಗೆಗಳಿಗೆ ಬಿಳಿ ಬಟ್ಟೆ ಬಿಗಿದು
ಕುರ್ಚಿ ಹಾಕುತ್ತಾರೆ ಹಲ್ಲು ಕೀಳುವ ಡಾಕ್ಟರುಗಳು.
ನನ್ನದು ಕಟ್ಟಕಡೆಯ ಗೂಡು, ಹಂದಿಗಳ ಪಾಲಿನದು:
ಕಿತ್ತಾದವರಿಗೆ ಕಟ್ಟುಹಲ್ಲು ಕೂರಿಸುವ ಕೆಲಸ.
ಮೇಣ, ಅಚ್ಚು, ಗುಲಾಬಿ ಒಸಡು,
ಪೆಟ್ಟಿಗೆ ತುಂಬ ಯಾರದೂ ಅಲ್ಲದ ಹಲ್ಲು.

ಕೆಂಟಕಿಯ ಈ ಕಣಿವೆಯ ಜನ
ಹಿಂದಿನ ರಾತ್ರಿಯೇ ಬಂದು ಟ್ರಕ್ಕಿನಲ್ಲಿ ಮಲಗುತ್ತಾರೆ
ಮುಷ್ಟಿಯಲ್ಲಿ ನಂಬರಿನ ಚೀಟಿ.

ಎಲ್ಲರನ್ನೂ ನಾನು ಕೇಳುವುದು ಒಂದೇ:
ಬಾಯಿ ಬಿಟ್ಟು ನಕ್ಕ ಹಳೆಯ ಫೋಟೋ ಇದ್ದರೆ ತನ್ನಿ,
ಹೇಗಿತ್ತೋ ಹಾಗೇ ಮಾಡಿಕೊಡುತ್ತೇನೆ.

ತರುತ್ತಾರೆ.
ಮದುವೆಯದು: ತುಟಿ ಬಿಗಿದ ವರ, ತುಟಿ ಬಿಗಿದ ವಧು.
ಶಾಲೆ ಮುಗಿಸಿದ ಹುಡುಗಿ, ಬಾಯಿಗೆ ಅಂಗೈ ಅಡ್ಡ.
ಕಲ್ಲಿದ್ದಲ ಗಣಿಯ ಮುಂದೆ ನಿಂತ ಹನ್ನೊಂದು ಗಂಡಸರು;
ಬಾಯಿ ತೆರೆದದ್ದು
ಗಣಿಯೊಂದೇ.

ಒಲೀಟಾ ಸ್ಟಿಡಮ್, ಮೂವತ್ತನಾಲ್ಕು.
ಹೋದ ವರ್ಷ ಇದೇ ಕೊಟ್ಟಿಗೆಯಲ್ಲಿ
ಮೇಲಿನವೆಲ್ಲ ಕೀಳಿಸಿಕೊಂಡಳು.
ಉಳಿದವರ ಗಾಯ ಎರಡು ತಿಂಗಳಲ್ಲಿ ಮಾಯುತ್ತದೆ,
ಇವಳದಕ್ಕೆ ಏಳು ಬೇಕಾಯಿತು.
‘ನಂಗೆ ಶುಗರ್ ಇದೆ’ ಎಂದಳು,
ಅಡುಗೆಮನೆಯ ಡಬ್ಬಿಯಲ್ಲಿದೆ ಎಂಬಂತೆ.
ಅಪ್ಪನಿಗೂ ಇತ್ತು. ಮೊದಲು ಬೆರಳು ಹೋಯಿತು, ಆಮೇಲೆ ಪಾದ.

ಏನು ಕುಡಿಯುತ್ತೀ ಎಂದು ನಾನು ಕೇಳುವುದಿಲ್ಲ.
ಕೆಳಗೆ ಉಳಿದ ಹಲ್ಲುಗಳ ಬುಡದಲ್ಲಿ ಕಂದು ಅರ್ಧಚಂದ್ರ,
ಅಂಚುಗಳು ನೆನೆದ ಸುಣ್ಣದ ಹಾಗೆ ಮೆತ್ತಗೆ.
ಹಲ್ಲು ಗುಟುಕಿನ ಲೆಕ್ಕ ಬರೆದಿಡುತ್ತದೆ.
ಊಟದ ಜೊತೆ ಒಂದು ಲೋಟ ಕುಡಿದವರದು ಒಂದು ಬಗೆ,
ಬೆಳಗಿಂದ ರಾತ್ರಿಯವರೆಗೆ ಒಂದೇ ಬಾಟಲಿಯನ್ನು
ಮುಚ್ಚಿ ತೆರೆದು ಮುಚ್ಚಿ ತೆರೆದು
ಗುಟುಕರಿಸಿದವರದು ಇದು:
ಎಂಜಲು ಹುಳಿಯನ್ನು ತೊಳೆಯುವಷ್ಟರಲ್ಲಿ
ಇನ್ನೊಂದು ಗುಟುಕು.

ತಾನಾಗಿಯೇ ಹೇಳಿದಳು, ಅಚ್ಚಿನ ಹಿಟ್ಟು ಗಟ್ಟಿಯಾಗುವವರೆಗೆ ಸುಮ್ಮನಿದ್ದು:
ಗಣಿ ಮುಚ್ಚಿದ ವರ್ಷದಿಂದ ಬಾವಿಯ ನೀರು ಕಿತ್ತಳೆ ಬಣ್ಣ,
ಬಿಳಿ ಅಂಗಿ ಅದ್ದಿದರೆ ತುಕ್ಕು.
ಅಂಗಡಿಯಲ್ಲಿ ನೀರಿಗಿಂತ ಹಸಿರು ಸೋಡಾ ಅಗ್ಗ.
ಅಮ್ಮನಿಗೆ ರಾತ್ರಿ ಪಾಳಿ,
ಕೂಸು ಅಳದಿರಲೆಂದು ಹಾಲಿನ ಬಾಟಲಿಗೂ ಅದೇ.
ಹಾಲುಹಲ್ಲು ಮೂಡಿದವು
ಹಾಲು ಕಾಣದೆ.
‘ಅಮ್ಮನನ್ನು ಬಯ್ಯಬೇಡಿ,
ಗುಳ್ಳೆ ನೋಡಿ ಕೇಕೆ ಹಾಕಿ ನಗುತ್ತಿದ್ದೆನಂತೆ.’

ಫೋಟೋ?
ಪರ್ಸಿನ ಪ್ಲಾಸ್ಟಿಕ್ಕಿನಿಂದ ಎಳೆದು ಕೊಟ್ಟಳು.
ಮೆಟ್ಟಿಲ ಮೇಲೆ ಆರು ವರ್ಷದ ಹುಡುಗಿ,
ಕಿರುನಾಲಗೆ ಕಾಣುವಂತೆ ನಕ್ಕಿದ್ದಾಳೆ.
ಮೇಲೆ ನಾಲ್ಕು ಹಲ್ಲಿಲ್ಲ.
ಬಿದ್ದವಲ್ಲ, ಕರಗಿದವು.
‘ಆ ವರ್ಷ ಕ್ಲಾಸಿನಲ್ಲಿ ಯಾರಿಗೂ ಇರಲಿಲ್ಲ ನೋಡಿ,
ನನ್ನ ಬಾಯಿ ಯಾರೂ ನೋಡುತ್ತಿರಲಿಲ್ಲ.’

ಅದನ್ನೇ ದೀಪಕ್ಕೆ ಒರಗಿಸಿ ಕೂತೆ.
ಖಾಲಿ ಜಾಗವನ್ನು ನೋಡಿಕೊಂಡು ಹಲ್ಲು ಜೋಡಿಸುವುದು
ನನಗೆ ಹೊಸತು.
ತೀರ ಬಿಳಿ ಬೇಡ ಎಂದಳು, ಜನ ನಂಬುವುದಿಲ್ಲ.
ಕೋರೆಹಲ್ಲನ್ನು ಕೂದಲೆಳೆಯಷ್ಟು ಓರೆ ಮಾಡಿದೆ.

ಸಂಜೆ ಕೂರಿಸಿದಾಗ ಕನ್ನಡಿ ಮುಟ್ಟಲಿಲ್ಲ.
ಸಕಾರ ಇರುವ ಏನಾದರೂ ಹೇಳು ಎಂದೆ,
ಗಾಳಿ ಸೋರುತ್ತದೋ ನೋಡೋಣ.
‘ಸೈಲಸ್’ ಎಂದಳು.
ಮತ್ತೆ ಎಂದಳು, ಜೋರಾಗಿ.
ಒಂದು ವರ್ಷದಿಂದ ಮಗನ ಹೆಸರು
ತೂತು ಬಿದ್ದು ಬರುತ್ತಿತ್ತಂತೆ.

ಕರೆದರೆಂದು ಓಡಿಬಂದ ಏಳು ವರ್ಷದ ಸೈಲಸ್,
ಕೈಯಲ್ಲಿ ಬೆವರುತ್ತಿರುವ ಹಸಿರು ಬಾಟಲಿ.
ಬೆಳಗಿಂದ ನೀನೇನೂ ಕುಡಿದಿಲ್ಲವಲ್ಲ ಅಂತ
ಡಾಲರು ಹಾಕಿ ಮಷೀನಿನಿಂದ ತಂದಿದ್ದ.

ನನ್ನ ಮೇಜಿನಡಿ ನನ್ನದೇ ಒಂದು ಡಬ್ಬಿ, ಅರ್ಧ ಖಾಲಿ.
ಪಾದದಿಂದ ಹಿಂದಕ್ಕೆ ತಳ್ಳಿದೆ.

ಅಮ್ಮನ ಹೊಸ ಬಾಯಿ ನೋಡಿ ಹುಡುಗ ನಕ್ಕ.
ಮೇಲೆ ಎರಡಿರಲಿಲ್ಲ.
ಬೀಳುವ ವಯಸ್ಸು. ಇರಬಹುದು.
ದೀಪವನ್ನು ಅವನ ಕಡೆ ತಿರುಗಿಸಲು
ಕೈ ಎತ್ತಿದೆ,
ಎತ್ತಿದ ಕೈಯಲ್ಲಿ ಅವಳ ಫೋಟೋ ಇತ್ತು.